ಪುಂಡಿ ಸಾಲಿನಲ್ಲಿ ಹುಳಿಯಿಲ್ಲದ ಎಲೆ

ಪಾಲಬಾವಿಯ ಸತ್ತೆವ್ವನಿಗೆ ಹಾವು ಚೇಳಿನ ಭಯವಿಲ್ಲ, ಜನರ ಬಾಯಿಯ ಭಯವಂತೂ ಮೊದಲೇ ಇಲ್ಲ. ಪೊಲೀಸರೆಂದರೆ ಮಾತ್ರ ಜೀವ ಬಾಯಿಗೆ ಬರುತ್ತದೆ. ಹೋದ ತಿಂಗಳು ಪಕ್ಕದ ಊರಲ್ಲಿ ಕಬ್ಬಿನ ನಡುವೆ ಗಾಂಜಾ ಸಿಕ್ಕಿತೆಂದು ಹೊಲದವನನ್ನೇ ಜೀಪಿಗೆ ಹಾಕಿಕೊಂಡು ಹೋದರು. ಅವನಿನ್ನೂ ಮನೆಗೆ ಬಂದಿಲ್ಲ. ಸತ್ತೆವ್ವನಿಗೆ ಇರುವವನು ಒಬ್ಬನೇ ಮಗ ಮಾಳು. ಹೊಲ ಅವನ ಹೆಸರಿನಲ್ಲಿದೆ.

ಕಬ್ಬಿನ ಬದುವಿಗೆ ಪುಂಡಿ ಸೊಪ್ಪು ಹಾಕುವುದು ಅವಳ ರೂಢಿ. ಬೀಜ ತವರಿನದು, ಮದುವೆಯಾಗಿ ಬರುವಾಗ ಸೆರಗಿನಲ್ಲಿ ಕಟ್ಟಿ ತಂದದ್ದು. ಪ್ರತಿ ವರ್ಷ ನಾಲ್ಕು ಗಿಡ ಬೀಜಕ್ಕೆಂದೇ ಬಿಡುತ್ತಾಳೆ. ಸಂತೆಯಲ್ಲಿ ‘ಪುಂಡಿ ಸತ್ತೆವ್ವ’ ಎಂದರೇ ಗುರುತು.

ಅಂದು ತಿಪ್ಪೆಯ ಮಗ್ಗುಲಲ್ಲಿ ಪೊದೆಯಾಗಿ ಹರಡಿದ ಗಿಡವೊಂದು ಕಣ್ಣಿಗೆ ಬಿತ್ತು. ಅದೇ ಸೀಳು ಎಲೆ ನೋಡಿ ಪುಂಡಿಯೆಂದು ಕೈ ಹಾಕಿದರೆ ಬೆರಳಿಗೆ ಅಂಟು, ಮೂಗಿಗೆ ಘಾಟು. ಗಾಂಜಾ! ಕಿತ್ತು ತಿಪ್ಪೆಯೊಳಗೇ ಹೂತಳು. ಪೀಡೆ ತೊಲಗಿತು ಅಂದುಕೊಂಡಳು, ಪಾಪ!

ಮಧ್ಯಾಹ್ನ ಕುರಿ ಕಾಯುವ ತಮ್ಮ ಸಿದರಾಯ ಬಂದ. ಅವನ ಕಿವಿಯಲ್ಲಿ ಹೇಳಿದಳು.

“ಒಂದ ಇರಾಂಗಿಲ್ಲ ಅಕ್ಕಾ. ಬ್ಯಾಸಿಗ್ಯಾಗ ಗೊಬ್ಬರಕ್ಕಂತ ಹೊಲದಾಗ ಕುರಿ ನಿಲ್ಲಿಸಿದ್ದಿ. ಹಿಕ್ಕ್ಯಾಗ ಬಂದ ಬೀಜ ಅದು. ಬದುವಿನಾಗೂ ಎದ್ದಿರತಾವ.”

“ಬದುವಿನಾಗ ಅಂಥಾ ಗಿಡ ಇಲ್ಲೋ ಮಾರಾಯಾ! ನಾ ಕುರುಡಿ ಅದೀನೇನು?”

“ಅಂಥಾದ ಹುಡುಕಬ್ಯಾಡ. ಗೊಬ್ಬರ, ಬಿಸಲು ಸಿಕ್ಕದ್ದು ಅಡ್ಡಡ್ಡ ಹಬ್ಬತೈತಿ. ಕಬ್ಬಿನ ನೆಳ್ಳಾಗಿಂದು ಬಿಸಲಿಗೆ ಕುತ್ತಿಗಿ ಚಾಚಿ ಸಣಕಲ ಆಗತೈತಿ, ವಾಸನಿನೂ ಕಮ್ಮಿ. ನಾವಿಬ್ರೂ ಒಂದ ಹೊಟ್ಟ್ಯಾಗ ಹುಟ್ಟಿದವ್ರು. ನಾ ಕುರಿ ಹಿಂದ ತಿರಗಿ ಒಣಗೀನಿ, ನೀ ಕುಂತಲ್ಲೆ ಉಬ್ಬೀದಿ! ಆದ್ರ ಪುಂಡಿ ಹುಳಿ ಅದಕ್ಕ ಬರಾಂಗಿಲ್ಲ. ಹುಳಿ ಬೀಜದಾಗ ಇರಬೇಕು.”

ಬೇರೆ ದಿನವಾದರೆ ತಮ್ಮ ಬೈಸಿಕೊಳ್ಳುತ್ತಿದ್ದ. ಈಗ ಸತ್ತೆವ್ವ ಬದುವಿಗೆ ಓಡಿದಳು. ಒಂದೊಂದೇ ಗಿಡದ ಎಲೆ ಕಚ್ಚುತ್ತ ಹೋದಳು. ಹುಳಿ. ಹುಳಿ. ಹಲ್ಲು ಜುಮ್ಮೆನ್ನುವಷ್ಟು ಹುಳಿ. ಆಮೇಲೊಂದು ಕಹಿ. ಥೂ ಎಂದು ಉಗುಳಿದಳು. ನೋಡಿದರೆ ಥೇಟ್ ಪುಂಡಿಯೇ. ಅದರ ಕುಡಿಯನ್ನು ಯಾರೋ ಚಿವುಟಿದ್ದರು.

ಯಾರೋ ಏನು, ಸೊಸೆ ಸೋನಾಲಿಯೇ! ಬೆಳಿಗ್ಗೆ ಅವಳು ಪುಂಡಿ ಹರಿದು ಸೂಡು ಕಟ್ಟಿದ್ದಳು. ಮಾಳು ಅದನ್ನು ಸಂತೆಗೆ ಒಯ್ದಿದ್ದ. ಫೋನು ಮಾಡಿದರೆ ಅವನು ಎತ್ತಲಿಲ್ಲ. ಹಿಡಿದರೇನೋ, ಹೊಡೆದರೇನೋ ಎಂದು ಸತ್ತೆವ್ವ ಮನೆಗೆ ಬಂದು ಹೊಸ್ತಿಲಲ್ಲೇ ದಾರಿ ಕಾಯುತ್ತ ಕುಳಿತಳು.

ಹೊತ್ತು ಇಳಿಯುವಾಗ ಮಾಳು ನಗುನಗುತ್ತಾ ಬಂದ.

“ಎಲ್ಲಾ ಸೂಡು ಒಬ್ಬರ ಒಯ್ದ್ರು ಅವ್ವಾ. ಠಾಣೆದ ಸಾಹೇಬ್ರ ಮನಿಯವ್ರು. ನಾಳೆ ಸಾಹೇಬ್ರು ಈ ಕಡೆ ಬರ್ತಾರಂತ. ಹೊಲಕ್ಕ ಬರ್ರಿ, ತಾಜಾ ಹರದ ಕೊಡ್ತೀನಿ ಅಂದೀನಿ.”

ಸತ್ತೆವ್ವ ತಟ್ಟನೆ ಎದ್ದಳು. ಬದುವಿಗೆ ನಡೆದಳು. ಕಚ್ಚಿ ನೋಡುವಷ್ಟು ಬೆಳಕಿರಲಿಲ್ಲ, ನಂಬುವಷ್ಟು ಧೈರ್ಯವೂ ಇರಲಿಲ್ಲ. ಸಿಕ್ಕಿದ್ದನ್ನೆಲ್ಲ ಬೇರುಸಹಿತ ಕಿತ್ತಳು. ಬೀಜಕ್ಕೆ ಬಿಟ್ಟ ಗಿಡಗಳ ಹತ್ತಿರ ಕೈ ತಡೆಯಿತು. ಅವ್ವನ ನೆನಪಾಗಿ ಅಳು ಬಂತು. ಅವನ್ನೂ ಕಿತ್ತಳು.

ಮರುದಿನ ಜೀಪು ಬಂದು ನಿಂತಿತು. ಸಾಹೇಬರು ಇಳಿದು ಬೋಳು ಬದುವನ್ನು ನೋಡಿದರು.

“ಎಲ್ಲಿ ಯವ್ವಾ ನಿನ್ನ ಪುಂಡಿ? ನಿನ್ನೆ ಉಂಡು ಮಕ್ಕೊಂಡ್ರ ಎಂಥಾ ನಿದ್ದಿ ಅಂತಿ!”

ಸತ್ತೆವ್ವ ಮಾಳುವಿನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಮುಗೀತ್ರಿ ಸಾಹೇಬ್ರ. ಬೀಜಕ್ಕೂ ಒಂದು ಉಳಿಲಿಲ್ಲ.”