ಹುಟ್ಟುವ ಮೊದಲೇ ಬಂದ ಕರಿಬಳೆ

ಭಕ್ತ ಬಂಧುಗಳೇ, ತಾಯಿ ಚಾಮುಂಡಿಯ ಕೃಪೆಯನ್ನು ಹೇಳಿಕೊಳ್ಳುವ ಮೊದಲು ನನ್ನ ಹೊಟ್ಟೆಕಿಚ್ಚನ್ನು ಹೇಳಬೇಕು. ಅದನ್ನು ಬಿಟ್ಟರೆ ಈ ಅನುಭವಕ್ಕೆ ತಲೆಯೂ ಇಲ್ಲ, ಬುಡವೂ ಇಲ್ಲ.

ದಟ್ಟಗಳ್ಳಿಯ ನಮ್ಮ ಮನೆಯಲ್ಲಿ ಕೆಳಗೆ ಅತ್ತೆ ಮತ್ತು ಮೈದುನನ ಸಂಸಾರ, ಮೇಲೆ ನಾವು. ಕಳೆದ ವರ್ಷ ನಾನೂ ನನ್ನ ಓರಗಿತ್ತಿ ಕಾವ್ಯಳೂ ಒಟ್ಟಿಗೇ ಬಸುರಿಯರಾದೆವು. ಅವಳಿಗೆ ವಾಂತಿಯಿಲ್ಲ, ಸುಸ್ತಿಲ್ಲ. ಮೇಟಗಳ್ಳಿಯ ಆಫೀಸಿಗೆ ಸ್ಕೂಟರಿನಲ್ಲಿ ಹೋಗಿಬಂದು ಸಂಜೆ ಮಸಾಲೆದೋಸೆ ತಿನ್ನುತ್ತಿದ್ದಳು. ನನಗೋ ಐದನೇ ತಿಂಗಳಲ್ಲೇ ರಕ್ತ ಕಂಡಿತು. ಮಾಸು ಗರ್ಭದ ಬಾಯಿಗೆ ಅಡ್ಡವಾಗಿ ಕೆಳಗೆ ಕೂತಿದೆ, ಹಾಸಿಗೆ ಬಿಟ್ಟು ಏಳಲೇಬೇಡಿ ಎಂದರು ಡಾಕ್ಟರಮ್ಮ. ಹಿಂದಿನ ವರ್ಷವಷ್ಟೇ ಒಂದು ಮಗುವನ್ನು ಹೊಟ್ಟೆಯಲ್ಲೇ ಕಳೆದುಕೊಂಡವಳು ನಾನು. ಇದೂ ಕೈಬಿಟ್ಟರೆ ಬದುಕುವುದು ಹೇಗೆ?

ಮಲಗಿದರೂ ಕಿವಿ ಮಾತ್ರ ಕೆಳಗಿನ ಮನೆಯಲ್ಲೇ ಇರುತ್ತಿತ್ತು. ಅವಳು ನಕ್ಕರೆ ನನಗೆ ಉರಿ. ‘ತಾಯೇ, ಅವಳ ಮಡಿಲು ತುಂಬುತ್ತೀಯ, ನನ್ನದನ್ನು ಮಾತ್ರ ಕಿತ್ತುಕೊಳ್ಳುತ್ತೀಯ’ ಎಂದು ದೇವಿಯ ಜೊತೆ ಜಗಳವಾಡಿ, ಕೊನೆಗೆ ಪ್ರಾರ್ಥನೆಯನ್ನೇ ನಿಲ್ಲಿಸಿಬಿಟ್ಟೆ.

ಶ್ರಾವಣದಲ್ಲಿ ಕಾವ್ಯಳಿಗೆ ಸೀಮಂತ. ಬೆಳಿಗ್ಗೆ ಅತ್ತೆ ಬಂದು, “ನಿಂಗೆ ಮಗು ಕೈಗೆ ಬಂದ್ಮೇಲೆ ಎಲ್ಲಾ ಮಾಡಣ ಕಣಮ್ಮ, ಈಗ ಬ್ಯಾಡ” ಎಂದರು. ಕೆಳಗೆ ಬಳೆಗಾರರು ಬಂದರು, ಹಸಿರು ಬಳೆಗಳ ಸದ್ದು, ಆರತಿ ಹಾಡು. ನಾನು ದಿಂಬಿನಲ್ಲಿ ಮುಖ ಹುದುಗಿಸಿ ಅಳುತ್ತಿದ್ದೆ. ಅವಳ ಮೇಲೆ ಆರತಿ ತಟ್ಟೆ ಬೀಳಲಿ ಎಂದುಕೊಳ್ಳುವಷ್ಟು ಕಿಚ್ಚು.

ಅಷ್ಟರಲ್ಲಿ ಯುಕೆಜಿ ಓದುವ ನನ್ನ ಮಗಳು ಇಂಚರ ಮೆಟ್ಟಿಲು ಹತ್ತಿ ಓಡಿಬಂದು ಮುಷ್ಟಿ ಬಿಚ್ಚಿದಳು. ಎರಡು ಪುಟಾಣಿ ಕರಿಬಳೆ.

“ನಮ್ ಪಾಪುಗೆ. ಬಳೆ ತಾತನ್ನ ಕೇಳಿ ಈಸ್ಕೊಂಡೆ.”

ನಮ್ಮಲ್ಲಿ ಮಗು ಹುಟ್ಟುವವರೆಗೆ ಒಂದು ಕುಲಾವಿಯನ್ನೂ ತರುವುದಿಲ್ಲ. ಹಿಂದೆಯೇ ಏದುಸಿರು ಬಿಡುತ್ತ ಬಂದರು ಅತ್ತೆ. “ಅಯ್ಯೋ, ಹುಟ್ಟಕ್ ಮುಂಚೆ ತರಬಾರ್ದು ಕಣೇ, ಕೊಟ್ಬುಡು ಇತ್ಲಾಗೆ!”

ಇಂಚರ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. “ಕೊಡಲ್ಲ. ನಾನು ಚಾಮುಂಡಮ್ಮಂಗೆ ಹೇಳಾಗಿದೆ, ಪಾಪು ಬರುತ್ತೆ. ಬಂದ್ಮೇಲೆ ಬಳೆ ಹುಡುಕ್ಕೊಂಡು ಕೂರಕ್ಕಾಗತ್ತಾ ಅಜ್ಜಿ?”

ಅತ್ತೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ನನ್ನ ಬಾಯಿಂದ ಮಾತ್ರ ಆಗಲೂ ಬಂದದ್ದು, “ಚಿಕ್ಕಮ್ಮನ ಪಾಪುಗೂ ಈಸ್ಕೊಂಡ್ಯಾ?”

“ತಾತನ್ ಹತ್ರ ಇದ್ದಿದ್ದು ಒಂದೇ ಜೊತೆ. ನಿಮ್ಗೇ ಇರ್ಲಿ ಅಂದ್ರು ಚಿಕ್ಕಮ್ಮ.”

ಕಾವ್ಯಳ ಒಳ್ಳೆಯತನದ ಮೇಲೂ ಹೊಟ್ಟೆ ಉರಿಯಿತೆಂದರೆ ನಂಬುತ್ತೀರಾ? ಆದರೆ ಮಗಳ ಮುಖ ನೋಡಿ ನಾಚಿಕೆಯಾಯಿತು. ದೊಡ್ಡವರಾದ ನಾವೆಲ್ಲ ಹೊಟ್ಟೆಯಲ್ಲಿದ್ದ ಮಗುವಿನ ಹೆಸರೆತ್ತಲೂ ಹೆದರುತ್ತಿದ್ದೆವು. ಇವಳು ಬಳೆ ತಂದಿಟ್ಟುಕೊಂಡು ಕಾಯುತ್ತಿದ್ದಳು. ಎಷ್ಟೋ ದಿನಗಳ ನಂತರ ಮಲಗಿದಲ್ಲೇ ಕೈಮುಗಿದೆ. ‘ತಾಯೇ, ನನ್ನನ್ನು ನಂಬಬೇಡ, ಇವಳ ಮಾತು ನಡೆಸಿಕೊಡು’ ಎಂದೆ.

ಮುಂದಿನ ಸ್ಕ್ಯಾನಿಂಗಿನಲ್ಲಿ ಡಾಕ್ಟರಮ್ಮ ತೆರೆಯನ್ನು ಮತ್ತೆ ಮತ್ತೆ ನೋಡಿ, “ಮಾಸು ಮೇಲಕ್ಕೆ ಸರ್ಕೊಂಡಿದೆ ಕಣಮ್ಮ, ಇನ್ನು ಹೆದರ್ಬೇಡಿ” ಎಂದರು. ನಾನು ಅಲ್ಲಿಯೇ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಕಾರ್ತಿಕದಲ್ಲಿ ಕಾವ್ಯಳಿಗೆ ಗಂಡುಮಗು, ಅದೇ ವಾರ ನನಗೆ ಹೆಣ್ಣುಮಗು, ಎರಡೂ ಸುಖಪ್ರಸವ.

ಬಾಣಂತನ ಮುಗಿದ ಮೇಲೆ ಚಾಮುಂಡಿ ಬೆಟ್ಟದ ಬಸ್ಸು ಹತ್ತಿದೆವು. ದೇವಿಯ ಮುಂದೆ ನಿಂತು ನಾನು ಮಗುವಿನ ಆರೋಗ್ಯ, ಯಜಮಾನರ ಬಡ್ತಿ, ಒಂದು ಸ್ವಂತ ಸೈಟು ಎಂದು ಕೇಳುತ್ತಲೇ ಇದ್ದೆ. ಇಂಚರ ಆಗಲೇ ಮುಂದೆ ಸರಿದಿದ್ದಳು.

“ಅಷ್ಟು ಬೇಗ ಏನ್ ಕೇಳ್ಕೊಂಡೆ ಪುಟ್ಟಿ?” ಎಂದೆ.

“ಏನೂ ಕೇಳ್ಲಿಲ್ಲ. ಪಾಪುನ ತೋರ್ಸ್ದೆ ಅಷ್ಟೇ.”

ಕಾವ್ಯಳ ಮೇಲಿನ ಕಿಚ್ಚು ಪೂರ್ತಿ ಆರಿದೆ ಎಂದರೆ ತಾಯಿಯ ಮುಂದೆ ಸುಳ್ಳು ಹೇಳಿದಂತಾಗುತ್ತದೆ. ಆದರೆ ಈಗ ಎಲ್ಲರಿಗಿಂತ ಹೆಚ್ಚು ಹೊಟ್ಟೆಕಿಚ್ಚು ನನಗೆ ನನ್ನ ಮಗಳ ಮೇಲೆಯೇ. ಅಮ್ಮಾ, ನನಗೂ ನಿನ್ನನ್ನು ಹಾಗೆ ನಂಬುವುದನ್ನು ಕಲಿಸು.