ಬಾಣಂತನಕ್ಕೆ ನಿಂತ ಗಂಡಸು

“ತಗೀರಿ! ತಗೀರಿ ಅಂದ್ರ!” ಎಂದು ನೀಲವ್ವ ಚೀರಿದಳು. ನಾನು ಪಂಪನ್ನು ಅವಳ ಎದೆಯಿಂದ ಕಿತ್ತು ತೆಗೆದೆ. ಚಪ್ ಎಂದು ಸದ್ದಾಯಿತು. ಗಾಜಿನೊಳಗೆ ನೋಡಿದರೆ ತಳ ಒದ್ದೆಯಾಗುವಷ್ಟೂ ಹಾಲಿಲ್ಲ. ಇದ್ದದ್ದರಲ್ಲೂ ಒಂದು ಕೆಂಪು ಎಳೆ. ರಕ್ತ.

ನೀಲವ್ವ ನನ್ನ ಹೆಂಡತಿ. ಪಕ್ಕದಲ್ಲಿ ನನ್ನ ಧೋತರದ ತುಂಡಿನಲ್ಲಿ ಸುತ್ತಿಟ್ಟ ಕೂಸು. ಅದು ಅಳುತ್ತಿರಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಅಳುವುದಕ್ಕೂ ಅದಕ್ಕೆ ಶಕ್ತಿ ಇರಲಿಲ್ಲ.

ಆ ಪಂಪು ಹೇಗಿತ್ತು ಎಂದರೆ, ಹಳೇ ಲಾರಿಯ ಹಾರನ್ ನೋಡಿದ್ದೀರಲ್ಲ, ಹಿಂದೆ ರಬ್ಬರಿನ ಗುಂಡು, ಮುಂದೆ ಕಹಳೆ, ಹಾಗೆ. ಇದರ ಕಹಳೆ ಗಾಜಿನದು. ಅದನ್ನು ಮೊಲೆಗೆ ಹಚ್ಚಿ ಗುಂಡು ಒತ್ತಿ ಬಿಟ್ಟರೆ ಹಾಲು ಎಳೆಯುತ್ತದೆ. ಎಳೆಯಬೇಕು. ನಾನು ಒತ್ತಿದರೆ ಚೀರಾಟ ಮಾತ್ರ ಬರುತ್ತಿತ್ತು.

ನನ್ನ ಕೆಲಸವೇ ಹಾಲು ಹಿಂಡುವುದು. ಕಲಘಟಗಿಯ ಹೊರಗೆ ಒಬ್ಬ ಸಾಹುಕಾರರ ಎಮ್ಮೆ ಕೊಟ್ಟಿಗೆ ಇದೆ. ಬೆಳಗ್ಗೆ ಸಂಜೆ ಹಿಂಡಬೇಕು, ಬೆಳಗಿನ ಹಾಲನ್ನು ಕ್ಯಾನಿಗೆ ತುಂಬಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಮುಟ್ಟಿಸಬೇಕು. ಕೊಟ್ಟಿಗೆಯ ಬಾಜೂ ಹಂಚಿನ ಒಂದು ಕೋಣೆ ಕೊಟ್ಟಿದ್ದಾರೆ. ಕೊಟ್ಟಿಗೆಯಲ್ಲಿ ಬಕೆಟ್ ತುಂಬಿ ನೊರೆ ಉಕ್ಕುತ್ತಿತ್ತು. ಗೋಡೆಯ ಈಚೆ ನನ್ನ ಕೂಸಿಗೆ ಒಂದು ಚಮಚ ಹಾಲಿರಲಿಲ್ಲ.

ನಾನು ನವಲಗುಂದ ತಾಲೂಕಿನವ. ಯಮನೂರಿನ ಹತ್ತಿರದ ಊರು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವ. ಬರೆದದ್ದು ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ. ನಮ್ಮ ಕಡೆ ಕಪ್ಪು ಮಣ್ಣಿನ ಎರೆ ಹೊಲದಲ್ಲಿ ನಿಂತರೆ ಬಸ್ಸು ಮುಂದಿನ ಊರು ಬಿಟ್ಟದ್ದೂ ಕಾಣುತ್ತದೆ. ಇಲ್ಲಿ ಗಿಡ, ಬಿದಿರು, ಗುಡ್ಡ. ಪಕ್ಕದ ಮನೆಯೇ ಕಾಣುವುದಿಲ್ಲ. ಅಲ್ಲಿ ಒಣಗಿದ ಹತ್ತಿಕಟ್ಟಿಗೆಗೆ ಕಡ್ಡಿ ಗೀರಿದರೆ ಭಗ್ಗನೆ ಹೊತ್ತುತ್ತದೆ. ಇಲ್ಲಿ ಮಳೆಗಾಲದಲ್ಲಿ ಕಟ್ಟಿಗೆಯೊಳಗಿಂದ ನೀರು ಬುಸುಗುಟ್ಟುತ್ತದೆ. ಬಾಣಂತಿಯ ನೀರು ಕಾಯಿಸಬೇಕೆಂದರೆ ಊದಿ ಊದಿ ಕಣ್ಣು ಹೋಗಬೇಕು. ಜೋಳ ತಿನ್ನುವವರು ನಾವು. ಇಲ್ಲಿ ಎಲ್ಲರದೂ ಅನ್ನ. ನಮ್ಮನ್ನು ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. “ಎರಿ ಸೀಮಿ ಮಂದಿ” ಎನ್ನುತ್ತಾರೆ.

ಈಗ ತಪ್ಪಿನ ಮಾತು. ಸುತ್ತಿ ಬಳಸಿ ಹೇಳುವುದಿಲ್ಲ. ನೀಲವ್ವನ ತವರು ಗುಡಗೇರಿ. ಚೊಚ್ಚಲು ಹೆರಿಗೆ ತವರಲ್ಲೇ ಆಗಬೇಕು, ಇದು ಎಲ್ಲರಿಗೂ ಗೊತ್ತು. ಕುಬಸ, ಅಂದರೆ ಸೀಮಂತ, ಮಾಡಿ ಕರೆದುಕೊಂಡು ಹೋಗಲು ಅವಳ ಅಣ್ಣ ಮಲ್ಲೇಶಿ ಬಂದಿದ್ದ. ಬುತ್ತಿಯನ್ನೂ ತಂದಿದ್ದ. ನಾನೇ ಅವನನ್ನು ಬರಿಗೈಯಲ್ಲಿ ಕಳಿಸಿದೆ.

“ಪಂಚಮಿ ಆಗ್ಲಿ ತಡಿ. ಈಗ ಹ್ವಾದ್ರ ನನಗ ಯಾರು ಮಾಡಿ ಹಾಕ್ತಾರ?” ಎಂದೆ.

“ಮಾವ, ಅವ್ವ ಹಾದಿ ಕಾಯಾಕತ್ತಾಳ,” ಎಂದ ಅವನು.

“ಕಾಯ್ಲಿ. ಎಲ್ಲಿ ಓಡಿ ಹೋಗ್ತಾಳ ನಿನ್ನ ತಂಗಿ?” ಎಂದು ನಕ್ಕೆ.

ನೀಲವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ನಿಂತಿತು, ಮತ್ತೆ ಶುರುವಾಯಿತು. ಬಿಸಿ ರೊಟ್ಟಿಯ ಆಸೆಗೆ ನಾನು ಅವಳನ್ನು ಇಟ್ಟುಕೊಂಡೆ. ಬೇರೆ ಕಾರಣ ಇಲ್ಲ.

ಪಂಚಮಿ ಬರುವುದಕ್ಕೂ ಮೊದಲೇ ಕೂಸು ಬಂತು. ತಿಂಗಳು ತುಂಬಿರಲಿಲ್ಲ. ಕಲಘಟಗಿಯ ದವಾಖಾನೆಯಲ್ಲಿ ಹೆರಿಗೆಯಾಯಿತು. ಗಂಡು. ಎತ್ತಿಕೊಂಡರೆ ಕೈಯಲ್ಲಿ ಏನೂ ಇಲ್ಲದ ಹಾಗೆ. ಮೊಲೆ ಬಾಯಿಗಿಟ್ಟರೆ ಸ್ವಲ್ಪ ಚೀಪುತ್ತಿತ್ತು, ಅಷ್ಟಕ್ಕೇ ದಣಿದು ನಿದ್ದೆ ಹೋಗುತ್ತಿತ್ತು.

“ಬಾಣಂತನಕ್ಕ ಯಾರದಾರ?” ಎಂದು ಸಿಸ್ಟರ್ ಕೇಳಿದಳು.

“ನಾನ ಅದೀನ್ರಿ.”

“ಹೆಂಗಸರು ಯಾರಿಲ್ಲೇನು?”

ಇರಲಿಲ್ಲ. ನನ್ನ ಅವ್ವ ತೀರಿಕೊಂಡು ಬಹಳ ಕಾಲವಾಯಿತು. ಹೆರಿಗೆಯ ಸುದ್ದಿ ಮುಟ್ಟಿಸಿದ ಹೊತ್ತಿಗೆ ಅತ್ತೆ ಹೊಲದಲ್ಲಿ ಜಾರಿಬಿದ್ದು ಕಾಲಿಗೆ ಕಟ್ಟು ಹಾಕಿಸಿಕೊಂಡು ಮಲಗಿದ್ದಳು. ತವರಲ್ಲಿದ್ದಿದ್ದರೆ ಚಿಗವ್ವಂದಿರು, ಅತ್ತಿಗೆ, ಓಣಿಯ ಹೆಂಗಸರು ಇರುತ್ತಿದ್ದರು. ಇಷ್ಟು ಸಣ್ಣ ಕೂಸನ್ನು ಬಸ್ಸಿನಲ್ಲಿ ಒಯ್ಯಬೇಡ ಎಂದು ಡಾಕ್ಟರು ಹೇಳಿಬಿಟ್ಟರು.

“ಎಮ್ಮೆ ಹಾಲು ಹಾಕಬ್ಯಾಡ್ರಿ, ಇದಕ್ಕ ಅರಗೂದಿಲ್ಲ,” ಎಂದಳು ಸಿಸ್ಟರ್. “ತಾಯಿ ಹಾಲು ತಗದು ಚಮಚದಲೆ ಹಾಕ್ರಿ. ಹುಬ್ಬಳ್ಳ್ಯಾಗ ಪಂಪ್ ಸಿಗತೈತಿ. ಕುದಿಯೂ ನೀರಾಗ ಹಾಕಿ ತಗೀಬೇಕು, ಗೊತ್ತಾತಿಲ್ಲೋ?”

ಮರುದಿನ ಕ್ಯಾನು ಇಳಿಸಿ ಔಷಧದ ಅಂಗಡಿಗೆ ಹೋದೆ. ಮೈಯೆಲ್ಲ ಸಗಣಿ ವಾಸನೆ, ಕೈಯಲ್ಲಿ ಖಾಲಿ ಕ್ಯಾನು.

“ಹಾಲು ತಗಿಯೂ ಪಂಪ್ ಕೊಡ್ರಿ.”

ಅಂಗಡಿಯವ ನನ್ನನ್ನೂ ಕ್ಯಾನನ್ನೂ ನೋಡಿದ. “ದನದ ಸಾಮಾನು ಇಲ್ಲಿ ಇಡೂದಿಲ್ಲೋ ತಮ್ಮಾ.”

“ದನದ್ದಲ್ರಿ. ನನ್ನ ಹೆಂಡ್ತಿದು.”

ಅಲ್ಲಿದ್ದವರೆಲ್ಲ ನಕ್ಕರು. ಒಬ್ಬ ಮುದುಕ, “ಹೆಂಡ್ತಿಗೂ ಮಷಿನ್ ಬಂತಲ್ಲೋ ಶಿವನ!” ಎಂದ. ನಾನು ಪೊಟ್ಟಣ ಕಂಕುಳಲ್ಲಿ ಇಟ್ಟುಕೊಂಡು ಬಂದೆ. ನಗಲಿ, ಹಾಲು ಬಂದರೆ ಸಾಕು ಎಂದುಕೊಂಡೆ.

ಹಾಲು ಬರಲಿಲ್ಲ. ಎದೆ ಮಾತ್ರ ಕಲ್ಲಿನ ಹಾಗೆ ಬಿಗಿಯಿತು. ಒಳಗೆ ಹಾಲು ಕಟ್ಟಿಕೊಂಡಿದೆ, ಹೊರಗೆ ಬರುವುದಿಲ್ಲ. ನೀಲವ್ವನಿಗೆ ಜ್ವರ ಬಂತು. ಮುಟ್ಟಿದರೆ ಅಳುತ್ತಿದ್ದಳು. ನಾನು ಮುಟ್ಟಲೇಬೇಕಿತ್ತು. ಹತ್ತಿರ ಹೋದರೆ ಅವಳು ಗೋಡೆಯ ಕಡೆ ಸರಿಯುತ್ತಿದ್ದಳು. ಕೂಸಿನ ಕಾಲಿನ ಚರ್ಮ ಸುಕ್ಕುಗಟ್ಟುತ್ತಾ ಬಂತು. ಉಚ್ಚೆಯೂ ಕಡಿಮೆಯಾಯಿತು.

ಸಾಹುಕಾರರು, “ಏನ್ ಹುಚ್ಚದೀಯೋ? ನೀರು ಬೆರಸಿ ಎಮ್ಮಿ ಹಾಲು ಹಾಕು. ನಾವೆಲ್ಲಾ ಅದನ್ನ ಕುಡದ ಬೆಳದೇವಿ,” ಎಂದರು. ನಾನು ಬಟ್ಟಲಲ್ಲಿ ಹಾಲು ತಂದೂ ನಿಂತೆ.

ನೀಲವ್ವ ಕೂಸನ್ನು ಸೆರಗಿನೊಳಗೆ ಎಳೆದುಕೊಂಡಳು. “ಸಿಸ್ಟರ್ ಬ್ಯಾಡ ಅಂದಾಳ.”

“ಮತ್ತ ಸಾಯ್ಲೇನ ಅದು?” ಎಂದು ಒದರಿಬಿಟ್ಟೆ.

ಅವಳು ನನ್ನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬಟ್ಟಲು ವಾಪಸ್ ಒಯ್ದು ಕ್ಯಾನಿಗೆ ಸುರಿದೆ.

ರಕ್ತ ಬಂದ ಆ ಮಧ್ಯಾಹ್ನ ಬಾಗಿಲಲ್ಲಿ ಭಾಗೂಬಾಯಿ ನಿಂತಿದ್ದಳು. ಅವಳು ಗೌಳಿಗರ ಹೆಂಗಸು. ಗೌಳಿಗರು ಎಂದರೆ ಈ ಕಾಡಂಚಿನಲ್ಲಿ ಎಮ್ಮೆ ಮೇಯಿಸಿಕೊಂಡು ಇರುವವರು. ಅವರೊಳಗೆ ಮರಾಠಿ ಥರದ ಮಾತು, ನಮ್ಮ ಜೊತೆ ಮುರುಕು ಕನ್ನಡ. ಚೀರಿದ್ದು ಕೇಳಿ ಬಂದಿದ್ದಳು.

“ಏ ಎರಿ ಸೀಮಿ, ಏನ್ ನಡಸಿ? ಮನ್ಯಾಗ ಹಾರನ್ ಹೊಡೀತಿ?”

ನಾನು ಗಾಜು ತೋರಿಸಿದೆ. ಅವಳು ಬೆಳಕಿಗೆ ಹಿಡಿದು ನೋಡಿ ತಲೆ ಅಲ್ಲಾಡಿಸಿದಳು.

“ಪಾನ್ಹಾ ಬಂದಿಲ್ಲ. ಹಿಂಡಿದ್ರ ಎಲ್ಲಿಂದ ಬರ್ತದ?”

ಪಾನ್ಹಾ ಅಂದರೆ ನಮ್ಮ ಕಡೆಯ ತೊರೆ. ಎಮ್ಮೆ ಒಮ್ಮೆಲೇ ಹಾಲು ಕೊಡುವುದಿಲ್ಲ. ಕರು ಬಿಡಬೇಕು, ಅದು ಮೂತಿಯಿಂದ ಗುದ್ದಬೇಕು, ಆಗ ಕೆಚ್ಚಲಿಗೆ ಹಾಲು ಇಳಿಯುತ್ತದೆ. ಅದಕ್ಕೆ ತೊರೆ ಬಿಡುವುದು ಎನ್ನುತ್ತೇವೆ. ತೊರೆ ಬಿಡದ ಎಮ್ಮೆಗೆ ಕೈ ಹಚ್ಚಿದರೆ ಒದೆಯುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವೇ? ಹುಡುಗನಿದ್ದಾಗಿನಿಂದ ಮಾಡುತ್ತಾ ಬಂದದ್ದು. ಆದರೆ ಹೆಂಡತಿಗೂ ಹಾಗೆಯೇ ಇರುತ್ತದೆ ಎಂಬುದು ನನ್ನ ತಲೆಗೆ ಬಂದಿರಲಿಲ್ಲ.

ಗೋಡೆಯ ಕಡೆ ತಿರುಗಿ ಮಲಗಿದ್ದ ನೀಲವ್ವ ಆಗ ಮಾತಾಡಿದಳು. “ಎಮ್ಮೀ ಮುಂದ ಕುಂತ್ರ ಅದರ ಕೂಡ ಎಷ್ಟ ಮಾತಾಡ್ತೀರಿ. ಮೈ ಸವರತೀರಿ. ಕಾಲು ಎತ್ತಿದ್ರ ‘ಆತು ಬಿಡವ್ವಾ’ ಅಂತೀರಿ. ನನ್ನ ಹಂತ್ಯಾಕ ಬಂದ್ರ ಬಾಯಿ ಮುಚಗೊಂಡು ಒತ್ತೂದ ಒತ್ತೂದು. ನಾ ಒದಿಯೂದಿಲ್ಲಂತ ಹೌದಿಲ್ಲೋ?”

ಭಾಗೂಬಾಯಿ ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ. ಮದುವೆಯಾದ ಮೇಲೆ ಅವಳು ನನಗೆ ಅಷ್ಟು ಮಾತು ಅಂದದ್ದು ಅದೇ ಮೊದಲು. ಒಂದೂ ಸುಳ್ಳಿರಲಿಲ್ಲ.

ನೀರು ಕಾಯಿಸಿದೆ. ಅರಿವೆ ಅದ್ದಿ ಹಿಂಡಿ ಅವಳ ಕೈಗೆ ಕೊಟ್ಟೆ, ಅವಳೇ ಎದೆಗೆ ಒತ್ತಿಕೊಂಡಳು. ಭಾಗೂಬಾಯಿ ಕೂಸಿನ ಸುತ್ತಿದ ಬಟ್ಟೆ ಬಿಚ್ಚಿ, ಬರಿಮೈಯಲ್ಲಿ ತಾಯಿಯ ಎದೆಯ ಮೇಲೆ ಮಲಗಿಸಿ ಮೇಲೆ ಸೆರಗು ಹೊದಿಸಿದಳು. ಕೂಸು ಮೂಗಿನಿಂದ ತಡಕಾಡಿತು.

“ಈಗ ನೀ ಬೋಲ್,” ಎಂದಳು ನನಗೆ.

“ಏನ್ ಮಾತಾಡ್ಲಿ ಮಾವಶಿ?”

“ಎಮ್ಮೀ ಮುಂದ ಏನಂತೀರಿ, ಅದನ್ನ ಅನ್ರಿ,” ಎಂದಳು ನೀಲವ್ವ.

ನನಗೆ ನಾಚಿಕೆ. ಆದರೂ ಅಂದೆ. “ಹೋ... ಹೋ... ಬಿಡವ್ವಾ, ಬಿಡ ನಮ್ಮವ್ವಾ. ಸಿಟ್ಟ ಮಾಡಬ್ಯಾಡ ನನ್ನ ಬಂಗಾರಾ. ಬಾಲ ಬೀಸಬ್ಯಾಡ...”

“ಬಾಲ ಎಲ್ಲೈತ್ರಿ ನನಗ!” ಎಂದು ಅವಳು ನಕ್ಕಳು. ಜ್ವರದಲ್ಲಿ, ಕಣ್ಣಲ್ಲಿ ನೀರಿರುವಾಗ, ಮೈ ಕುಲುಕುವ ಹಾಗೆ ನಕ್ಕಳು. ನಗುತ್ತಿದ್ದವಳು ತಟ್ಟನೆ ಸುಮ್ಮನಾದಳು. “ಅಯ್ಯ, ಜುಮ್ಮಂತು,” ಎಂದಳು. ಸೆರಗು ಒದ್ದೆಯಾಗಿತ್ತು. ಯಾರೂ ಮುಟ್ಟದ ಕಡೆಯಿಂದಲೂ ತೊಟ್ಟಿಕ್ಕುತ್ತಿತ್ತು.

ನಾನು ಪಂಪಿಗೆ ಕೈ ಹಾಕಿದೆ. ಅವಳು ಕಸಿದುಕೊಂಡಳು. “ಕೊಡ್ರಿ ಇಲ್ಲೆ. ನನಗ ಗೊತ್ತಾಗತೈತಿ ಎಷ್ಟ ಒತ್ತಬೇಕಂತ. ನೀವು ಚಮಚಾ ಹಿಡೀರಿ.”

ಚಮಚ ಹಿಡಿದೆ. ಕೂಸು ಹಾಲು ನುಂಗಿತು. ಮತ್ತೆ ಬಾಯಿ ತೆರೆಯಿತು. ಚಮಚ ಓರೆ ಮಾಡಿ ಅದರ ಕುತ್ತಿಗೆಗೆ ಚೆಲ್ಲಿದೆ. “ಎಲ್ಲಾ ಚಲ್ಲತಾನ, ಕಳ್ಳ!” ಎಂದು ಭಾಗೂಬಾಯಿ ಚಮಚ ಕಿತ್ತುಕೊಂಡಳು.

ಆಮೇಲೆ ಅದೇ ಕೆಲಸವಾಯಿತು. ಬಿಸಿ ಅರಿವೆ, ಎದೆಯ ಮೇಲೆ ಕೂಸು, ನಂತರ ಪಂಪು. ಒತ್ತುವುದು ಅವಳು, ಕುದಿಸುವುದು ನಾನು. ಒಮ್ಮೆ ಅವಸರಕ್ಕೆ ಬಿಸಿ ಗಾಜನ್ನು ತಣ್ಣೀರಿಗೆ ಹಾಕಿ ಒಡೆದೆ. ಮತ್ತೆ ಅದೇ ಅಂಗಡಿಗೆ ಹೋದರೆ, “ಏನೋ, ಎಮ್ಮಿ ಒದೀತೇನು?” ಎಂದ. ಹೌದೆಂದೆ. ನುಚ್ಚಿನ ಗಂಜಿ ಮಾಡಲು ಕಲಿತೆ. ಸೊಪ್ಪಿನ ಸಾರು ಕಲಿತೆ. ಹಸಿ ಕಟ್ಟಿಗೆಯನ್ನು ಹಿಂದಿನ ದಿನವೇ ಒಲೆಯ ಮೇಲೆ ಒಣಗಿಸಲು ಇಡಬೇಕು ಎಂಬುದನ್ನೂ ಕಲಿತೆ. ಊರಲ್ಲಿದ್ದರೆ ಇದೊಂದೂ ನನಗೆ ಗೊತ್ತಾಗುತ್ತಿರಲಿಲ್ಲ. ಊರಲ್ಲಿದ್ದರೆ ಕಲಿಯುವ ಪ್ರಸಂಗವೂ ಬರುತ್ತಿರಲಿಲ್ಲ, ಎಲ್ಲ ಹೆಂಗಸರೇ ಮಾಡುತ್ತಿದ್ದರು.

ಕೂಸಿಗೆ ದಿನಾ ಸ್ವಲ್ಪ ಸ್ವಲ್ಪ ಕಸುವು ಬಂತು. ಒಂದು ಬೆಳಗ್ಗೆ ನಾನು ಹುಬ್ಬಳ್ಳಿಯಿಂದ ಬಂದಾಗ ಪಂಪು ಮೂಲೆಯಲ್ಲಿ ಒಣಗಿತ್ತು. ನೀಲವ್ವ ತುಟಿಗೆ ಬೆರಳಿಟ್ಟಳು. ಕೂಸು ಮೊಲೆ ಹಿಡಿದು ಗಟಗಟ ಕುಡಿಯುತ್ತಿತ್ತು. ಸಾಕಾದ ಮೇಲೆ ತಾನೇ ಬಿಟ್ಟಿತು. ದವಾಖಾನೆಯಲ್ಲಿ ತೂಕ ಮಾಡಿ ಸಿಸ್ಟರ್ ನನ್ನನ್ನು ಹೊಗಳಿದಳು. “ಇಂಥಾ ಗಂಡಸರನ್ನ ನಾ ನೋಡಿಲ್ಲ,” ಎಂದಳು. ನಾನು ತಲೆ ಎತ್ತಲಿಲ್ಲ. ಮಲ್ಲೇಶಿಯನ್ನು ತಿರುಗಿಸಿ ಕಳಿಸಿದ್ದು ಅವಳಿಗೆ ಗೊತ್ತಿರಲಿಲ್ಲ. ನೀಲವ್ವ ಪಕ್ಕದಲ್ಲೇ ಇದ್ದಳು. ಹೇಳಲಿಲ್ಲ.

ಡಾಕ್ಟರು ಹೂಂ ಎಂದ ಮೇಲೆ ಇಬ್ಬರನ್ನೂ ಗುಡಗೇರಿಗೆ ಬಿಡಲು ಹೋದೆ. ಹುಬ್ಬಳ್ಳಿಯವರೆಗೆ ಬಸ್ಸು, ಅಲ್ಲಿಂದ ರೈಲು. ಗಿಡಗಳು ಹಿಂದಾಗಿ ಎರೆ ಹೊಲ ಕಂಡಾಗ ನೀಲವ್ವ ಕಿಟಕಿಗೆ ಮುಖ ಕೊಟ್ಟು ಕೂತಳು. ನನಗೆ ಮಾತ್ರ ಅಷ್ಟು ಬಯಲು ನೋಡಿ ಒಂಥರಾ ಆಯಿತು. ಮರೆಯೇ ಇಲ್ಲವಲ್ಲ ಅನ್ನಿಸಿತು.

ಹೆಂಗಸರು ಬಾಗಿಲಲ್ಲೇ ನಿವಾಳಿಸಿ ತಾಯಿ ಮಗುವನ್ನು ಒಳಗೆ ಕರೆದರು. ನಾನೂ ಹಿಂದೆ ಹೆಜ್ಜೆ ಇಟ್ಟೆ. ಅತ್ತೆ ಕೋಲೂರಿಕೊಂಡು ಅಡ್ಡ ನಿಂತಳು.

“ನೀವು ಅಲ್ಲೇ ಕುಂದರ್ರಿ. ಬಾಣಂತಿ ಖೋಲಿಯೊಳಗ ಗಂಡಸರು ಬರಬಾರದು.”

ಕಟ್ಟೆಯ ಮೇಲೆ ಕೂತೆ. ಮಲ್ಲೇಶಿ ಚಹಾ ತಂದಿಟ್ಟ. ಮುಖ ನೋಡಲಿಲ್ಲ. ಒಳಗೆ ಕೂಸು ಅತ್ತಿತು. ಯಾರೋ ಜೋಜೋ ಎಂದರು, ಯಾರೋ ಗಿಲಕಿ ಆಡಿಸಿದರು. ಅದು ಹಸಿವಿನ ಅಳು. ನನಗೆ ಗೊತ್ತು. ತಡೆಯಲಾಗಲಿಲ್ಲ.

“ನೀಲಾ, ಬಲಕ್ಕ ಹಿಡಿ ಮೊದಲ! ಬಲಕ್ಕ ಬಿಗದಿತ್ತು ಬೆಳಿಗ್ಗೆ!” ಎಂದು ಕೂಗಿದೆ.

ಒಳಗೆ ಮನೆ ಹಾರಿಹೋಗುವಂಥ ನಗು. “ಏ ಯವ್ವಾ, ಅಳಿಯಾ ಸೂಲಗಿತ್ತಿ ಆಗಿ ಬಂದಾನಲ್ಲಬೇ!”

ಅತ್ತೆ ನಗಲಿಲ್ಲ. ಹೊಸ್ತಿಲ ಬಳಿ ಬಂದು ಸಣ್ಣ ದನಿಯಲ್ಲಿ, “ಅವತ್ತ ನನ್ನ ಮಗಾ ಬಂದಾಗ ಕಳಸಬೇಕಿತ್ರಿ,” ಎಂದಳು.

“ಹೌದ್ರಿ ಅತ್ತಿ,” ಎಂದೆ.

ಸಂಜೆಯ ಹಿಂಡುವಿಕೆಗೆ ನಾನು ಮುಟ್ಟಬೇಕಿತ್ತು. ಎದ್ದು ಮುಚ್ಚಿದ ಬಾಗಿಲ ಹತ್ತಿರ ಹೋದೆ.

“ಕುಡ್ಯಾಕತ್ತೈತೇನ?”

“ಕುಡ್ಯಾಕತ್ತೈತ್ರಿ,” ಎಂದಳು ನೀಲವ್ವ ಒಳಗಿನಿಂದ. “ನೀವು ಹೋಗ್ರಿ ಇನ್ನ. ಗಾಡಿ ತಪ್ಪತೈತಿ.”

“ನೀ ಯಾವಾಗ ಬರ್ತಿ?”

ಒಳಗೆ ಬಳೆ ಸದ್ದಾಯಿತು. “ಅವ್ವ ಕಳಸಿದಾಗ,” ಎಂದಳು.

ಗಾಡಿ ಹತ್ತಿ ಬಂದೆ. ಕೋಣೆಯಲ್ಲಿ ಈಗ ನಾನೊಬ್ಬನೇ. “ನಿಮ್ಮೂರಿಗೆ ಯಾವಾಗ ಹೋಗ್ತಿ?” ಎಂದು ಭಾಗೂಬಾಯಿ ಕೇಳುತ್ತಾಳೆ. ಯಾವ ಊರು, ಯಮನೂರಿನ ಕಡೆಯದೋ, ಕೂಸಿರುವ ಗುಡಗೇರಿಯೋ ಎಂದು ತಿಳಿಯದೆ ನಾಳೆಯ ಕಟ್ಟಿಗೆಯನ್ನು ಒಲೆಯ ಮೇಲೆ ಒಣಗಲು ಇಡುತ್ತೇನೆ.