ಈ ಸಲದವರು ಯಾತಕ್ಕೆ ಬರುತ್ತಾರೆ?

ಪನಮರಂನಲ್ಲಿ ನನಗೊಂದು ಬಟ್ಟೆ ಅಂಗಡಿ ಇದೆ. ಚೌಕಾಸಿ ಮಾಡುವ ಗಿರಾಕಿಯ ಬಗ್ಗೆ ನನಗೆ ಯಾವತ್ತೂ ಭಯವಿಲ್ಲ. ಸೀರೆಯ ಮಡಿಕೆ ಬಿಚ್ಚಿ ಕೂಡ ನೋಡದೆ, ಹೇಳಿದ ಬೆಲೆಗೆ ತಲೆಯಾಡಿಸಿ ‘ಕಟ್ಟಿಕೊಡಿ’ ಎನ್ನುವವರು ಬಂದರೆ ಮಾತ್ರ ನಾನು ನೋಟನ್ನು ಬೆಳಕಿಗೆ ಹಿಡಿಯುತ್ತೇನೆ. ಆದ್ದರಿಂದ ಆ ದೊಡ್ಡ ವಿದ್ವಾಂಸರು ಮೊದಲನೇ ಫೋನಿಗೇ, ನಾನು ತಾರೀಖು ಹೇಳುವ ಮುಂಚೆಯೇ, ‘ಬರುತ್ತೇನೆ’ ಎಂದಾಗ ನನಗೆ ಸಂತೋಷವಾಗಲಿಲ್ಲ. ಇದರಲ್ಲಿ ಏನೋ ಇದೆ ಅನ್ನಿಸಿತು.

ನನ್ನ ತವರು ಬಾವಲಿಯ ಹತ್ತಿರ. ಗಡಿಯ ಚೆಕ್‌ಪೋಸ್ಟ್ ದಾಟಿದರೆ ಕರ್ನಾಟಕದ ಕಾಡು. ಅವ್ವ, ಚಿಕ್ಕಪ್ಪ, ಚಿಕ್ಕಪ್ಪನ ಮಕ್ಕಳು ಮೊಮ್ಮಕ್ಕಳು ಎಲ್ಲ ಅದೇ ಮನೆಯಲ್ಲಿದ್ದಾರೆ. ಮನೆಯ ಮುಂದೆ ಕಾಫಿ ಒಣಗಿಸುವ ಕಣ. ಕಾಫಿಯೆಲ್ಲ ಮೂಟೆಯಾದ ಮೇಲೆ, ಬೇಸಿಗೆ ಶುರುವಾಗುವ ಹೊತ್ತಿಗೆ, ಆ ಕಣದಲ್ಲಿ ವರ್ಷಕ್ಕೊಂದು ಉಪನ್ಯಾಸ. ಅದನ್ನು ಶುರು ಮಾಡಿದವರು ನನ್ನ ಅಪ್ಪ. ಶಾಲೆಯಲ್ಲಿ ಮಲಯಾಳ, ಆಫೀಸಿನಲ್ಲಿ ಮಲಯಾಳ, ಸರಿ. ವರ್ಷಕ್ಕೊಂದು ದಿನವಾದರೂ ನಮ್ಮ ಜನ ಒಳ್ಳೆಯ ಕನ್ನಡವನ್ನು ಕಿವಿತುಂಬ ಕೇಳಲಿ ಎನ್ನುವುದು ಅವರ ಆಸೆ. ಅಪ್ಪ ಹೋದ ಮೇಲೆ ಅದು ಅವರ ನೆನಪಿನ ಉಪನ್ಯಾಸವಾಯಿತು. ಕರೆಯುವ ಕೆಲಸ ನನ್ನದು, ಅಧ್ಯಕ್ಷತೆ ಚಿಕ್ಕಪ್ಪನದು, ಅಡುಗೆ ಅವ್ವನದು.

ಬರುವವರೆಲ್ಲ ಮೈಸೂರಿನ ಕಡೆಯವರು. ಸಂಜೆ ಆರಕ್ಕೆ ಕಾಡಿನ ಗೇಟು ಹಾಕಿಬಿಡುತ್ತಾರೆ, ಮತ್ತೆ ಬೆಳಿಗ್ಗೆಯವರೆಗೂ ಗಾಡಿ ಬಿಡುವುದಿಲ್ಲ. ಹಾಗಾಗಿ ನಮ್ಮ ಉಪನ್ಯಾಸ ಮುಗಿಯುವ ಹೊತ್ತನ್ನು ಗೊತ್ತು ಮಾಡುವುದು ಗೇಟು. ಐದು ಗಂಟೆ ಸಮೀಪಿಸಿದಾಗ ಚಿಕ್ಕಪ್ಪ ಸನ್ಮಾನದ ಶಾಲನ್ನು ಬಿಡಿಸಿ ಹಿಡಿದು ಎದ್ದು ನಿಲ್ಲುತ್ತಾರೆ. ಮಾತಾಡುತ್ತಿರುವವರಿಗೆ ಅದೇ ಸೂಚನೆ. ವಾಕ್ಯದ ನಡುವೆಯೇ ‘ಹೀಗಾಗಿ, ಬಂಧುಗಳೇ’ ಎಂದು ಮುಗಿಸಿ, ಕುತ್ತಿಗೆ ಒಡ್ಡಿ, ಒಂದು ಲೋಟ ಚಾಯ ಕುಡಿದು ಕಾರು ಹತ್ತುತ್ತಾರೆ. ಆ ಚಾಯದ ಹೊತ್ತಿನಲ್ಲಿ ಚಿಕ್ಕಪ್ಪ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು ಒಂದು ಕೆಲಸ ಹೇಳುವುದೂ ರೂಢಿ. ಒಂದು ವರ್ಷ ವಾಚನಾಲಯಕ್ಕೆ ಪುಸ್ತಕ, ಇನ್ನೊಂದು ವರ್ಷ ಯಾರದೋ ಮಗನಿಗೆ ನೌಕರಿ. ದೊಡ್ಡವರು ಕೈಗೆ ಸಿಗುವುದೇ ವರ್ಷಕ್ಕೊಮ್ಮೆ. ಕೇಳುವುದರಲ್ಲಿ ತಪ್ಪೇನು ಎಂದೇ ನಾವೆಲ್ಲ ತಿಳಿದಿದ್ದೆವು.

ನಮ್ಮ ಅನುಮಾನವೆಲ್ಲ ಬರುವವರ ಮೇಲೆ. ಅದಕ್ಕೆ ಕಾರಣವೂ ಇತ್ತು. ಒಬ್ಬರು ತಿರುನೆಲ್ಲಿಯಲ್ಲಿ ತಂದೆಯ ಪಿಂಡ ಹಾಕಿ, ಒದ್ದೆ ಪಂಚೆಯನ್ನು ಕಾರಿನ ಕಿಟಕಿಗೆ ಒಣಹಾಕಿಕೊಂಡು ಬಂದರು. ಉಪನ್ಯಾಸ ದಾರಿಯ ಮೇಲಿನ ಕೆಲಸ. ಒಬ್ಬರು ದುರ್ಬೀನು ತಂದಿದ್ದರು. ಇಪ್ಪತ್ತು ನಿಮಿಷ ಮಾತಾಡಿ, ಬೆಳಕಿರುವಾಗಲೇ ಕಾಡು ದಾಟಿದರೆ ಹುಲಿ ಕಾಣಬಹುದು ಎಂದು ಹೊರಟರು. ಒಬ್ಬರು ಅಳಿಯನನ್ನು ಕರೆತಂದರು. ಅಳಿಯ ಉಪನ್ಯಾಸದುದ್ದಕ್ಕೂ ನಮ್ಮ ತೋಟದ ಬೇಲಿಯ ಸುತ್ತ ಓಡಾಡಿ, ಇಲ್ಲಿ ರೆಸಾರ್ಟ್ ಮಾಡಿದರೆ ಹೇಗೆ ಎಂದು ಚಿಕ್ಕಪ್ಪನನ್ನು ಕೇಳಿದ. ಹೋದ ವರ್ಷದವರಂತೂ ವೇದಿಕೆಯ ಮೇಲಿಂದಲೇ ಇಲ್ಲಿ ಒಳ್ಳೆಯ ಕರಿಮೆಣಸು ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದರು.

ಅವತ್ತು ಅವರ ಕಾರು ಮರೆಯಾದ ಮೇಲೆ ಅವ್ವ ಅಪ್ಪನ ಫೋಟೋದ ಹಾರ ತೆಗೆಯುತ್ತಾ ನನಗೂ ಚಿಕ್ಕಪ್ಪನಿಗೂ ಹೇಳಿದಳು. “ಬರೋ ವರ್ಸವೂ ಇಂಗೇ ಬ್ಯಾರೆ ಯಾತುಕ್ಕೋ ಬಂದು, ವೆರುತೆ ಎರಡು ಮಾತಾಡಿ ಹೋಗೋನೇ ಬಂದ್ರೆ, ಇದು ಅಲ್ಲಿಗೆ ಮುಗೀತು. ಈ ಪಟ ಒಳೀಕ್ ಇಡ್ತೀನಿ. ಕಣ ಕಾಪಿ ಒಣಾಕಕ್ಕೆ ಇರ್ಲಿ.”

‘ಸುಮ್ಮನೆ’ ಎನ್ನುವಲ್ಲಿ ಮಲಯಾಳದ ‘ವೆರುತೆ’ ನಮ್ಮ ಬಾಯಿಗೆ ಬಂದು ಕಾಲವಾಯಿತು. ಅವ್ವ ಮಾತ್ರ ಯಾವ ಮಾತನ್ನೂ ವೆರುತೆ ಆಡುವವಳಲ್ಲ. ವರ್ಷವಿಡೀ ಅಂಗಡಿಯಲ್ಲಿ ಮಲಯಾಳ ಆಡುವ ನನಗೆ, ಆ ಒಂದು ಮಧ್ಯಾಹ್ನ ಮೈಕಿನಲ್ಲಿ ಕನ್ನಡ ಕೇಳಿಸುವಾಗ ಅಪ್ಪ ಪಕ್ಕದ ಕುರ್ಚಿಯಲ್ಲಿ ಇದ್ದಾರೆ ಅನ್ನಿಸುತ್ತಿತ್ತು. ಅದು ನಿಂತುಹೋಗುವುದು ನನಗೆ ಬೇಡವಾಗಿತ್ತು. ಅದಕ್ಕೇ ಈ ಸಲ ಯಾರೂ ಬೆರಳು ತೋರಿಸದಂಥ ದೊಡ್ಡ ವಿದ್ವಾಂಸರನ್ನೇ ಹಿಡಿಯಬೇಕೆಂದು ಹೊರಟದ್ದು. ಅವರ ಹೆಸರು ಹೇಳಿದರೆ ನಿಮಗೆ ಗೊತ್ತಾಗಿಬಿಡುತ್ತದೆ, ಹೇಳುವುದಿಲ್ಲ.

‘ಬರುತ್ತೇನೆ’ ಎಂದವರನ್ನು ನಾನು ಅಷ್ಟಕ್ಕೇ ಬಿಡಲಿಲ್ಲ. ಇವರು ಯಾತಕ್ಕೆ ಬರುತ್ತಾರೆಂದು ತಿಳಿಯಲು ಮಾತಿನ ನಡುವೆ ಒಂದೊಂದೇ ಗಾಳ ಹಾಕಿದೆ. ತಿರುನೆಲ್ಲಿ ಇಲ್ಲಿಂದ ಹತ್ತಿರ ಸಾರ್ ಎಂದೆ. ತಂದೆ ತಾಯಿಯರ ಕಾರ್ಯವೆಲ್ಲ ಊರಿನಲ್ಲೇ ಆಯಿತು ಎಂದರು. ದಾರಿಯಲ್ಲಿ ಆನೆ ಸಿಗಬಹುದು ಎಂದೆ. “ಅಯ್ಯೋ, ನನಗೆ ಆನೆ ಅಂದರೆ ಭಯ ಕಣಮ್ಮ” ಎಂದರು. ಮೆಣಸಿನ ಮಾತೆತ್ತಿದೆ. ಖಾರ ಬಿಟ್ಟು ಬಹಳ ದಿನವಾಯಿತಂತೆ. ಬದಲಿಗೆ ಅವರೇ ಕೇಳಿದರು: “ಎಷ್ಟು ಜನ ಬರಬಹುದು? ನಾನು ಎಷ್ಟು ಹೊತ್ತು ಮಾತಾಡಬಹುದು?” ಮುಕ್ಕಾಲು ಗಂಟೆ ಎಂದೆ. ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿ ಒಂದು ಗಂಟೆ ಆದರೆ ತೊಂದರೆಯಿಲ್ಲ ಅಲ್ಲವೇ ಎಂದರು. ಇನ್ನೊಮ್ಮೆ ಮಾಡಿ, ಕಾರ್ಯಕ್ರಮ ಖಂಡಿತ ಇದೆ ತಾನೇ ಎಂದರು. ಕಾರು ಕಳಿಸಲೇ ಎಂದರೆ, ಬೇಡ, ಬಸ್ಸಿನಲ್ಲಿ ಬರುತ್ತೇನೆ ಎಂದರು.

“ಬಸ್ಸಲ್ಲಾ?” ಚಿಕ್ಕಪ್ಪನ ಹುಬ್ಬು ಮೇಲೆ ಹೋಯಿತು. “ಬಸ್ಸಲ್ಲಿ ಬರೋ ದೊಡ್ಡ ಮನ್ಸನ ನಾನು ನೋಡೇ ಇಲ್ಲ ಕಣವ್ವ. ಯಾರ ಕಣ್ಣಿಗೂ ಬೀಳ್ದಂಗೆ ಬಂದು ಜಾಗ ನೋಡ್ತಾನೆ. ಪಿನ್ನೆ ಒಂದ್ ದಿನ ಜೀಪಲ್ಲಿ ಬತ್ತಾನೆ, ಸರ್ವೇಯವರ ಕಟ್ಕೊಂಡು.”

ನಾನು ಫೋನಿನಲ್ಲಿ ಅವರ ಭಾಷಣದ ವಿಡಿಯೋಗಳನ್ನು ಹುಡುಕಿದೆ. ರಾಶಿ ಇದ್ದವು. ಎಲ್ಲದರಲ್ಲೂ ಹಾರ, ದೀಪ, ಹಿಂದೆ ಮುಂದೆ ಓಡಾಡುವ ಜನ. ಆದರೆ ಈಚೆಗೆ ಎರಡು ವರ್ಷದಿಂದ ಒಂದೂ ಇಲ್ಲ. ನನ್ನ ತಲೆ ಓಡಿದ್ದು ಒಂದೇ ಕಡೆ: ಏನೋ ಹಗರಣ ಆಗಿದೆ, ಯಾರೂ ಹತ್ತಿರ ಸೇರಿಸುತ್ತಿಲ್ಲ, ಮುಖ ತೊಳೆದುಕೊಳ್ಳಲು ನಮ್ಮ ಕಣಕ್ಕೆ ಬರುತ್ತಿದ್ದಾರೆ. ಇದನ್ನು ಅವ್ವನಿಗೆ ಹೇಳಲಿಲ್ಲ. ಚಿಕ್ಕಪ್ಪನಿಗೆ ಹೇಳಿದೆ. “ಇರ್ಲಿ ಬಿಡು, ಮೈಸೂರಲ್ಲಿ ಇನ್ನೂ ಮಾತು ನಡೀಬೋದು. ಮೊಮ್ಮಗಳ ಹಾಸ್ಟೆಲ್ ಸೀಟು ಇವ್ರ ಕೈಲೇ ಆಗ್ಬೇಕು” ಎಂದರು.

ಉಪನ್ಯಾಸದ ದಿನ ಮೈಸೂರಿನ ಬಸ್ಸಿನಿಂದ ಇಳಿದವರ ಕೈಯಲ್ಲಿ ಒಂದು ಬಟ್ಟೆ ಚೀಲ ಮಾತ್ರ ಇತ್ತು. ವಿಡಿಯೋದಲ್ಲಿ ನೋಡಿದ್ದಕ್ಕಿಂತ ಸಣ್ಣಗಾಗಿದ್ದರು. ಕಾಡಿನ ಕಡೆ ನೋಡಲಿಲ್ಲ, ತೋಟದ ಕಡೆ ನೋಡಲಿಲ್ಲ. “ಜನ ಬಂದಿದ್ದಾರಾ?” ಎಂದು ಕೇಳಿದರು. ಊಟವಾದ ಮೇಲೆ ಬರುತ್ತಾರೆ ಎಂದೆ. ಮನೆಯವರೆಗೂ ನಡೆಯುವಾಗ ನಾನು ಅವರಿಗಿಂತ ಹೆಚ್ಚಾಗಿ ಅವರ ಚೀಲವನ್ನೇ ನೋಡುತ್ತಿದ್ದೆ.

ಅವ್ವ ಅನ್ನ, ಹುರುಳಿ ಸಾರು, ಬೇಯಿಸಿದ ಮರಗೆಣಸು ಬಡಿಸಿದಳು. ಬಂದವರೆಲ್ಲ ಮೊದಲ ತುತ್ತಿಗೇ ‘ಆಹಾ, ಏನು ರುಚಿ’ ಎನ್ನುವುದು ವಾಡಿಕೆ. ಇವರು ತಲೆ ಬಗ್ಗಿಸಿ ಊಟ ಮಾಡಿದರು, ಹೊಗಳಲಿಲ್ಲ, ಇನ್ನೊಂದು ಸಲ ಮರಗೆಣಸು ಹಾಕಿಸಿಕೊಂಡರು. ಅವ್ವ ಬಾಗಿಲಿಗೆ ಒರಗಿ ನೋಡುತ್ತಲೇ ಇದ್ದಳು. ಕೈ ತೊಳೆಯಲು ನೀರು ಕೊಡುತ್ತಾ, ನಾನು ತಡೆಯುವ ಮುಂಚೆ, ಕೇಳಿಯೇಬಿಟ್ಟಳು.

“ನೀವು ಯಾತುಕ್ಕೆ ಬಂದದ್ದು? ಬೇಜಾರ್ ಮಾಡ್ಕೋಬೇಡಿ. ಬಂದೋರೆಲ್ಲ ಒಂದೊಂದುಕ್ಕೆ ಬಂದ್ರು. ನೀವು ಯಾವುದುಕ್ಕೆ?”

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಅವರು ಒದ್ದೆ ಕೈಯನ್ನು ಹಾಗೇ ಹಿಡಿದು ನಿಂತರು.

“ನೀವು ಕೇಳುವ ಮುಂಚೆ ನಾನೇ ಹೇಳಬೇಕಿತ್ತು ತಾಯಿ” ಎಂದರು. “ನಾನೀಗ ಯಾವ ಸಮಿತಿಯಲ್ಲೂ ಇಲ್ಲ. ಯಾವ ಆಫೀಸಿಗೆ ಫೋನ್ ಮಾಡಿದರೂ ನನ್ನ ಮಾತು ನಡೆಯುವುದಿಲ್ಲ. ಅಧಿಕಾರ ಇದ್ದಾಗ ವಾರಕ್ಕೊಂದು ಕಡೆ ಕರೆಯುತ್ತಿದ್ದರು. ಭಾಷಣ ಆದಮೇಲೆ ಟೀ ಕೊಡುವಾಗ ಪಕ್ಕದಲ್ಲಿ ಕೂತು ಒಂದು ಕೆಲಸ ಹೇಳುತ್ತಿದ್ದರು. ಅದು ಹೋದ ಮೇಲೆ ಯಾರೂ ಕರೆದಿಲ್ಲ. ನಿಮ್ಮ ಮಗಳು ಫೋನ್ ಮಾಡಿದಾಗ, ಇವರಿಗೆ ಇನ್ನೂ ಗೊತ್ತಾಗಿಲ್ಲ ಅಂತ ಕಾಣುತ್ತದೆ, ಗೊತ್ತಾದರೆ ಬೇಡ ಅಂದುಬಿಡುತ್ತಾರೆ ಅಂತ ಬೇಗ ಒಪ್ಪಿಕೊಂಡೆ. ದಿನಾ ಭಯ ಇತ್ತು.” ಎದುರಿಗೆ ಕೂತಿದ್ದ ಚಿಕ್ಕಪ್ಪನ ಕಡೆ ಒಮ್ಮೆ ನೋಡಿದರು. “ನನ್ನಿಂದ ನಿಮಗೆ ಯಾವ ಕೆಲಸವೂ ಆಗುವುದಿಲ್ಲ. ಆದರೂ ನಾನು ಮಾತಾಡಬಹುದೇ?”

ಚಿಕ್ಕಪ್ಪ ಎದ್ದು ಹೊರಗೆ ಹೋಗಿ, ಸರಿಯಾಗಿಯೇ ಇದ್ದ ಕುರ್ಚಿಗಳನ್ನು ಸರಿಮಾಡತೊಡಗಿದರು. ಅವ್ವ ನನ್ನ ಕಡೆ ತಿರುಗಿದಳು.

“ನಾವು ಇವ್ರ ಯಾತುಕ್ಕೆ ಕರ್ದದ್ದು?”

ಇಷ್ಟು ವರ್ಷ ಬಂದವರ ಚೀಲ, ಡಿಕ್ಕಿ, ಅಳಿಯ ಎಲ್ಲವನ್ನೂ ತೂಗಿದವಳು, ನಾವು ಕರೆಯುವಾಗ ನಮ್ಮ ಕೈಯಲ್ಲಿ ಏನಿರುತ್ತದೆ ಎಂದು ನೋಡಿಕೊಂಡಿರಲಿಲ್ಲ. ನಾಚಿಕೆಯಾಯಿತು. ಅವ್ವ ಉತ್ತರಕ್ಕೆ ಕಾಯದೆ ಅವರಿಗೆ ಒರೆಸಿಕೊಳ್ಳಲು ಟವೆಲು ಕೊಟ್ಟು, “ಹೋಗಿ, ಜನ ಬತ್ತಾವ್ರೆ” ಎಂದಳು. ಅದು ಒಪ್ಪಿಗೆಯೋ, ಇದೇ ಕೊನೆಯದು ಎಂದೋ ನನಗೆ ಗೊತ್ತಾಗಲಿಲ್ಲ.

ಜನ ಬಂದರು. ನಮ್ಮ ಕಡೆಯ ಮನೆಗಳವರು, ಹಾಡಿಯಿಂದ ತೋಟದ ಕೆಲಸಕ್ಕೆ ಬರುವವರು, ಪ್ರತಿ ವರ್ಷವೂ ಮೊದಲ ಸಾಲಿನಲ್ಲಿ ಕೂರುವ ಮಲಯಾಳಿ ಚಾಯದಂಗಡಿಯವರು. ಅಪ್ಪನ ಫೋಟೋಗೆ ಹಾರ ಹಾಕಿದೆವು. ಇವರು ಹಿಂದಿನ ಕಾಲದಲ್ಲಿ ಮೈಸೂರಿನಿಂದ ಈ ಕಾಡಿನ ಮೂಲಕ ಎತ್ತಿನ ಗಾಡಿಗಳು ಬರುತ್ತಿದ್ದ ದಾರಿಗಳ ಬಗ್ಗೆ ಮಾತಾಡಿದರು. ನಿಜ ಹೇಳಬೇಕೆಂದರೆ ಉಪನ್ಯಾಸ ಅಷ್ಟೇನೂ ಚೆನ್ನಾಗಿರಲಿಲ್ಲ. ಹೇಳಿದ್ದನ್ನೇ ಹೇಳಿದರು, ಒಂದೆರಡು ಕಡೆ ದಾರಿ ತಪ್ಪಿ ಮತ್ತೆ ಹಿಂದಕ್ಕೆ ಬಂದರು. ಅಷ್ಟು ದಿನ ಮಾತು ಒಳಗೇ ಕಟ್ಟಿಟ್ಟದ್ದು ತಿಳಿಯುತ್ತಿತ್ತು. ಆದರೆ ಒಂದು ಸಲವೂ ಕೈಗಡಿಯಾರ ನೋಡಲಿಲ್ಲ. ಕೂತಿದ್ದ ಒಬ್ಬೊಬ್ಬರ ಮುಖವನ್ನೂ ನೋಡಿ ಮಾತಾಡಿದರು. ಚಾಯದಂಗಡಿಯವರು ನಡುವೆ ಕೈಯೆತ್ತಿ, ಆ ಗಾಡಿಗಳಲ್ಲಿ ಏನು ತರುತ್ತಿದ್ದರು ಎಂದು ಮಲಯಾಳದಲ್ಲಿ ಕೇಳಿದರು, ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ನಮ್ಮ ಕಣದಲ್ಲಿ ಯಾರಾದರೂ ಪ್ರಶ್ನೆ ಕೇಳಿದ್ದು ಅದೇ ಮೊದಲು. ಮುಂಚಿನವರ ಹತ್ತಿರ ಅದಕ್ಕೆ ಹೊತ್ತೇ ಇರುತ್ತಿರಲಿಲ್ಲ. ಇವರು ಆ ಪ್ರಶ್ನೆಗೆ ಎಷ್ಟು ಸಂತೋಷಪಟ್ಟರೆಂದರೆ ಹೇಳುತ್ತಿದ್ದುದನ್ನು ಬಿಟ್ಟು ಅದನ್ನೇ ಹಿಡಿದುಕೊಂಡರು.

ಐದಾಗುತ್ತಾ ಬಂತು. ಮೈಸೂರಿಗೆ ಹೋಗುವ ಕಡೆಯ ಬಸ್ಸಿನ ಹೊತ್ತು. ಚಿಕ್ಕಪ್ಪ ಅಭ್ಯಾಸದಂತೆ ಶಾಲು ಬಿಡಿಸಿ ಎದ್ದು ನಿಂತರು. ವಿದ್ವಾಂಸರು ನೋಡಿದರು. ಎಷ್ಟೋ ವೇದಿಕೆ ಕಂಡವರು, ಅರ್ಥವಾಯಿತು. ದನಿ ಸಣ್ಣಗಾಯಿತು. “ಹೀಗಾಗಿ...” ಎಂದು ಶುರು ಮಾಡಿದರು.

ಹೆಂಗಸರ ಸಾಲಿನಿಂದ ಅವ್ವನ ದನಿ ಕಣದ ತುಂಬ ಕೇಳಿಸಿತು. ಅಪ್ಪನ ಉಪನ್ಯಾಸದಲ್ಲಿ ಅವಳು ಬಾಯಿ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ.

“ನೀ ಕೂತ್ಕೋ.”

“ಅತ್ಗೆ, ಗೇಟು...” ಎಂದರು ಚಿಕ್ಕಪ್ಪ.

“ಹಾಕ್ಕೊಳ್ಲಿ ಬಿಡು. ನಮ್ಮನೇಲಿ ಚಾಪೆ ಇಲ್ವಾ?”

ಚಿಕ್ಕಪ್ಪ ಶಾಲನ್ನು ಮಡಿಲಲ್ಲಿಟ್ಟುಕೊಂಡು ಕೂತರು. ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆದು ಹೋಯಿತು. ಅವರು ಬಸ್ಸಿನ ಸದ್ದು ಅಡಗುವವರೆಗೂ ನಿಂತಿದ್ದು, ಆಮೇಲೆ ಗಾಡಿಯ ದಾರಿಯನ್ನು ಮತ್ತೆ ಹಿಡಿದರು. ಮುಗಿಸುವಾಗ ಗೇಟು ಹಾಕಿ ಆಗಿತ್ತು.

ಚಾಯ ಬಂತು. ಚಿಕ್ಕಪ್ಪ ಎಂದಿನಂತೆ ಕುರ್ಚಿ ಎಳೆದುಕೊಂಡು ಅವರ ಪಕ್ಕದಲ್ಲಿ ಕೂತರು. ವಿದ್ವಾಂಸರ ಕೈಯಲ್ಲಿದ್ದ ಲೋಟ ಬಾಯಿಯ ಹತ್ತಿರ ಹೋಗಿದ್ದದ್ದು ಅಲ್ಲೇ ನಿಂತಿತು. ಅದನ್ನು ಕೆಳಗಿಟ್ಟು, ಎಷ್ಟೋ ವರ್ಷ ರೂಢಿಯಾದ ಮುಖ ಮಾಡಿಕೊಂಡು ಚಿಕ್ಕಪ್ಪನ ಕಡೆಗೆ ತಿರುಗಿ ಕಾದರು. ನಾನು ತಟ್ಟೆ ಹಿಡಿದು ಅಲ್ಲೇ ನಿಂತಿದ್ದೆ. ಆ ಹಾಸ್ಟೆಲ್ ಸೀಟು ಚಿಕ್ಕಪ್ಪನ ನಾಲಿಗೆಯ ತುದಿಯಲ್ಲಿ ಇದ್ದದ್ದು ನನಗೆ ಕಾಣುತ್ತಿತ್ತು.

ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡರು.

“ಸಾರ್, ಸಕ್ಕರೆ ಸಾಕಾ?”

ಅವರು ಇನ್ನೂ ಸ್ವಲ್ಪ ಹೊತ್ತು ಕಾದರು, ಮಿಕ್ಕದ್ದು ಬರಬಹುದೆಂದು. ಬರಲಿಲ್ಲ. ಆಮೇಲೆ ಲೋಟ ಎತ್ತಿಕೊಂಡು, “ಒಂದು ಚೂರು ಹಾಕಿ” ಎಂದರು.